ಶೋಕೇಸಿನ ಬಿಳಿ ಪೆಟ್ಟಿಗೆಗೊಂದು ಮುಸುಕು

ಮನೆಯ ಸಾಮಾನುಗಳಿಗೂ ಮುಖ ಇರುತ್ತದೆ ಎಂದು ನಾನು ನಂಬಿದ್ದೇನೆ. ಇದನ್ನು ಯಾರ ಹತ್ತಿರವೂ ಹೇಳಿಕೊಂಡದ್ದಿಲ್ಲ. ಹೇಳಿದರೆ ಅವರು ಮೊದಲು ನನ್ನ ಮುಖವನ್ನೇ ಒಂದು ಥರಾ ನೋಡಿಯಾರು. ಮಿಕ್ಸಿಗೆ ಬೆಳಗ್ಗೆ ಎದ್ದ ಕೂಡಲೇ ಜಗಳಕ್ಕೆ ನಿಂತವರ ಮುಖ. ಫ್ರಿಜ್ಜಿಗೆ ಮದುವೆಯೂಟ ಮುಗಿಸಿ ಗೋಡೆಗೆ ಒರಗಿ ನಿಂತ ದೊಡ್ಡ ಮನುಷ್ಯರ ಮುಖ. ಇಸ್ತ್ರಿಪೆಟ್ಟಿಗೆ ಚೂಪು ಮೂಗಿನದು, ಎಲ್ಲಿ ಸುಕ್ಕಿದೆ ಎಂದು ಹುಡುಕಿಕೊಂಡೇ ಬರುತ್ತದೆ. ಗ್ರೈಂಡರ್ ಮಾತ್ರ ಥೇಟ್ ನನ್ನ ಹಾಗೆ: ತಿರುಗಿದಲ್ಲೇ ತಿರುಗುತ್ತ, ನಡುನಡುವೆ ಸಣ್ಣಗೆ ನರಳುತ್ತ, ಯಾರೂ ಬಂದು ಸ್ವಿಚ್ಚು ಆರಿಸದಿದ್ದರೆ ಹಾಗೇ ಮುಂದುವರಿಯುತ್ತ ಇರುತ್ತದೆ. ಹೀಗೆ ಮುಖ ನೋಡಿ ಗುಣ ಹೇಳುವ ನನ್ನ ವಿದ್ಯೆ ಇಷ್ಟು ವರ್ಷದಲ್ಲಿ ಒಂದೇ ಒಂದು ಸಾಮಾನಿನ ಮುಂದೆ ಸೋತಿತು. ಅದು ಹೋದ ವರ್ಷ ನಮ್ಮ ಮನೆಯವರ ಜೊತೆ ಮಸ್ಕತ್ತಿನಿಂದ ಬಂದ ವಿಡಿಯೋ ಗೇಮಿನ ಪೆಟ್ಟಿಗೆ.

ಮನೆಯವರೆಂದರೆ ನನ್ನ ಗಂಡ ಜಗದೀಶ. ಹದಿನೆಂಟು ವರ್ಷ ಗಲ್ಫಿನಲ್ಲಿ ಟವರ್ ಕ್ರೇನ್ ನಡೆಸಿದವರು. ಕಟ್ಟಡಕ್ಕಿಂತಲೂ ಎತ್ತರದಲ್ಲಿ ಒಂದು ಗಾಜಿನ ಗೂಡು. ಅದರೊಳಗೆ ಕೂತು ಎರಡು ಕೈಯಲ್ಲಿ ಎರಡು ಲಿವರ್ ಹಿಡಿದು, ಕಬ್ಬಿಣದ ಹೊರೆಗಳನ್ನು ಎತ್ತಿ, ತಿರುಗಿಸಿ, ಕೆಳಗಿನವರು ತೋರಿಸಿದಲ್ಲಿ ಇಳಿಸುವ ಕೆಲಸ. ಏಣಿ ಹತ್ತಿ ಹತ್ತಿ ಮೊಣಕಾಲು ಸವೆದು, ಇನ್ನು ಹತ್ತುವುದು ಬೇಡ ಎಂದು ಅಲ್ಲಿಯ ಡಾಕ್ಟರು ಹೇಳಿದ ಮೇಲೆ ಸಿದ್ಧಕಟ್ಟೆಯ ಮನೆಗೆ ಕಾಯಂ ಬಂದರು. ಹದಿನೆಂಟು ವರ್ಷ ಫೋನಿನಲ್ಲಿ ಬರೀ ಸ್ವರವಾಗಿದ್ದ ಗಂಡ ಒಮ್ಮೆಲೇ ಕೈ, ಕಾಲು, ಹೊಟ್ಟೆ ಸಮೇತ ಮನೆಯಲ್ಲಿ ಕೂತರೆ ಎಷ್ಟು ಸಂತೋಷವಾಗುತ್ತದೆ, ಮತ್ತು ದಿನಕ್ಕೆ ಎಷ್ಟು ಸಲ ಚಹಾ ಮಾಡಬೇಕಾಗುತ್ತದೆ ಎಂಬುದು ಗಲ್ಫಿನವರ ಹೆಂಡಂದಿರಿಗೇ ಗೊತ್ತು. ಆ ಸಲದ ಸಾಮಾನಿನಲ್ಲಿ ನನಗೆಂದು ತಂದ ಡಿನ್ನರ್ ಸೆಟ್ಟಿನ ಎರಡು ಬಟ್ಟಲು ಒಡೆದಿದ್ದವು. ಮೂರು ಟವೆಲು, ಒಂದು ಕಂಬಳಿ ಸುತ್ತಿಕೊಂಡು, ಮಡಿಲಲ್ಲೇ ಕೂತು ಬಂದ ಈ ಪೆಟ್ಟಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ. ಅಲ್ಲಿ ರಜೆಯ ದಿನ ಕೋಣೆಯಲ್ಲಿ ಒಬ್ಬರೇ ಇರುವಾಗ ಇದೇ ಸಂಗಾತಿಯಂತೆ. ಹದಿನೆಂಟು ವರ್ಷಗಳ ಸಂಗಾತಿ ನಾನು ಎಂದುಕೊಂಡಿದ್ದೆ, ಇರಲಿ.

ಹಾಲ್‌ನ ಶೋಕೇಸಿನಲ್ಲಿ ಅದನ್ನು ನಿಲ್ಲಿಸಿದಾಗ ನಾನು ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದೆ. ಎರಡು ಬದಿಯಲ್ಲಿ ಬಿಳಿ ರೆಕ್ಕೆ, ನಡುವೆ ಕಪ್ಪು ಮೈ, ಮೇಲೆ ಎದ್ದು ನಿಂತ ಕಾಲರು. ನಾನು ಮೂಡುಬಿದಿರೆಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ನಮಗೆ ಹೊಲಿಗೆ, ಕ್ರೋಶ ಹೆಣಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ತರಗತಿಯ ಹಿಂದಿನ ಬಾಗಿಲಲ್ಲಿ ಸದ್ದಿಲ್ಲದೆ ಬಂದು ಹೀಗೆಯೇ ನೆಟ್ಟಗೆ ನಿಂತು, ಯಾರ ಸೂಜಿ ನಿಂತಿದೆ ಎಂದು ನೋಡುತ್ತಿದ್ದರು. ಶೋಕೇಸಿನ ಮುಂದೆ ಹಾದುಹೋಗುವಾಗಲೆಲ್ಲ ನಾನು ತಿಳಿಯದೆಯೇ ಸೆರಗು ಸರಿಮಾಡಿಕೊಳ್ಳತೊಡಗಿದೆ. ಸ್ವಿಚ್ಚು ಹಾಕಿದರೆ ಅದರ ಕಾಲರಿನ ಒಳಗೆ ಒಂದು ನೀಲಿ ಬೆಳಕು. ಇಷ್ಟು ಗಂಭೀರವಾಗಿ ನಿಂತ ವಸ್ತು ಪಾಠ ಹೇಳಿಕೊಡಬೇಕು, ಇಲ್ಲವೇ ಪ್ರಾರ್ಥನೆ ಮಾಡಿಸಬೇಕು. ಅದು ನನ್ನ ನಲವತ್ತೇಳು ವರ್ಷದ ಗಂಡನಿಗೆ ಆಟ ಆಡಿಸುತ್ತಿತ್ತು.

ಪೆಟ್ಟಿಗೆಗೆ ಇಷ್ಟು ಗಾಂಭೀರ್ಯ ಕೊಟ್ಟವರು ಕೈಯಲ್ಲಿ ಹಿಡಿಯುವ ಕಂಟ್ರೋಲರಿಗೆ ಬರುವಾಗ ಯಾಕೋ ಮನಸ್ಸು ಬದಲಾಯಿಸಿದ್ದಾರೆ. ಅದಕ್ಕೆ ಎರಡು ಕೊಂಬು, ಮೇಲೆ ಎರಡು ಅಣಬೆಯಂಥ ಕಡ್ಡಿ, ಬದಿಯಲ್ಲಿ ನರ್ಸರಿ ಮಕ್ಕಳಿಗೆ ಕಲಿಸುವ ಹಾಗೆ ತ್ರಿಕೋನ, ಚೌಕ, ಸೊನ್ನೆ. ಮಗುಚಿ ಹಾಕಿದರೆ ಏಡಿ. ಅದನ್ನು ಎಂಥ ದೊಡ್ಡ ಮನುಷ್ಯ ಹಿಡಿದರೂ ಮರ್ಯಾದೆ ಉಳಿಯುವುದಿಲ್ಲ. ಎರಡೂ ಮೊಣಕೈ ಹೊಟ್ಟೆಗೆ ಸೇರುತ್ತವೆ, ಬಾಯಿ ಅರ್ಧ ತೆರೆಯುತ್ತದೆ, ಟಿವಿಯಲ್ಲಿ ವಾಹನ ತಿರುಗಿದ ಕಡೆ ಮೈಯೂ ವಾಲುತ್ತದೆ. ಒಮ್ಮೆ ಸೋಫಾ ಗುಡಿಸಲು ಬಂದ ನನ್ನ ಅತ್ತೆ ಅದನ್ನು ಎತ್ತಿದ್ದೇ ತಡ, ಅದು ಗುರ್ರೆಂದು ನಡುಗಿತು. ಅತ್ತೆ ಅದನ್ನು ಕುರ್ಚಿಯ ಅಡಿಗೆ ಎಸೆದು, "ಅಯ್ಯೋ, ಕರೆಂಟು ಹೊಡೀತು! ಮೈನ್ ಆಫ್ ಮಾಡು ಮಾರಾಯ್ತಿ!" ಎಂದು ಕೂಗಿದರು. ನಾನು ಓಡಿಹೋಗಿ ಮೈನ್ ಆಫ್ ಮಾಡಿಯೂ ಬಿಟ್ಟೆ. ಅದು ಬ್ಯಾಟರಿಯದ್ದು, ಕತ್ತಲೆಯಲ್ಲೂ ನಡುಗುತ್ತಲೇ ಇತ್ತು.

"ಇದು ಅಪಘಾತ ಆದಾಗ ಕೈಗೆ ಗೊತ್ತಾಗ್ಲಿಕ್ಕೆ ಅಮ್ಮ," ಎಂದು ಇವರು ವಿವರಿಸಿದರು.

"ಅಪಘಾತ ಆದ್ದು ಗೊತ್ತಾಗ್ಲಿಕ್ಕೆ ಬೇರೆ ಮೆಶೀನು ಬೇಕಾ ನಿನಗೆ? ಮೀಸೆ ಬೆಳ್ಳಗಾಗಿದೆ. ಮಗಳು ಹಾಸ್ಟೆಲಿನಲ್ಲಿ ಕೂತು ಓದ್ತಾಳೆ, ಅಪ್ಪ ಮನೆಯಲ್ಲಿ ಕೂತು ಆಡ್ತಾನೆ. ಜನ ನೋಡಿದ್ರೆ ಎಂತ ಹೇಳ್ಯಾರು?"

ಜನ ನೋಡಲು ಬರುತ್ತಲೇ ಇದ್ದರು. ಗಲ್ಫಿನಿಂದ ಬಂದವರ ಮನೆಯ ಶೋಕೇಸು ಅರ್ಧ ಊರಿನದ್ದು. ಒಬ್ಬರು ಅದನ್ನು ಇಂಟರ್ನೆಟ್ಟಿನ ಪೆಟ್ಟಿಗೆ ಎಂದರು, ಮತ್ತೊಬ್ಬರು ಗಾಳಿ ಶುದ್ಧ ಮಾಡುವುದು ಎಂದರು. ಅತ್ತೆಯ ಅಕ್ಕ, ಬೆಳ್ತಂಗಡಿಯ ದೊಡ್ಡಮ್ಮ, ಕನ್ನಡಕ ಏರಿಸಿ ನೋಡಿ, "ಇದು ನೀರು ಫಿಲ್ಟರ್ ಅಲ್ಲವಾ?" ಎಂದು ಕೇಳಿದಾಗ ನಾನು ದಣಿದಿದ್ದೆ. ಬೆಳಗ್ಗಿನಿಂದ ಆರನೆಯ ಚಹಾ ಅದು. ಹೌದು ಎಂದುಬಿಟ್ಟೆ. ಸುಳ್ಳು ಹೇಳಬಾರದೆಂದು ಹತ್ತು ವರ್ಷ ಕಲಿತವಳು ಅದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದೆ. ದೊಡ್ಡಮ್ಮ ಆರಾಮವಾಗಿ ಕೂತು, "ಹಾಗಾದ್ರೆ ಒಂದು ಗ್ಲಾಸು ಕೊಡು, ನೋಡುವ," ಎಂದರು. ನಾನು ಶೋಕೇಸಿಗೆ ಬೆನ್ನು ಹಾಕಿ ಅಡುಗೆಮನೆಗೆ ಹೋಗಿ ಬಾವಿ ನೀರು ತಂದುಕೊಟ್ಟೆ. ಒಂದು ಗುಟುಕು ಕುಡಿದು ಬಾಯಿ ಚಪ್ಪರಿಸಿ, "ವ್ಯತ್ಯಾಸ ಗೊತ್ತಾಗ್ತದೆ ಮಾರಾಯ್ತಿ," ಎಂದರು.

ಆ ವಾರವೇ ನಾನು ಕ್ರೋಶದ ಕಡ್ಡಿ ಹಿಡಿದದ್ದು. ನಮ್ಮ ಕಾಲದ ಕಾನ್ವೆಂಟಿನ ಹೆಣ್ಣುಮಕ್ಕಳ ಮನೆಗೆ ಹೋದರೆ ನಿಮಗೆ ತಿಳಿಯುತ್ತದೆ, ಅಲ್ಲಿ ಬರಿಮೈಯಲ್ಲಿ ಯಾವ ಸಾಮಾನೂ ಇರುವುದಿಲ್ಲ. ಟಿವಿಗೆ ಹೊದಿಕೆ, ಮಿಕ್ಸಿಗೆ ಹೊದಿಕೆ, ನೀರಿನ ಹೂಜಿಗೆ ಅಂಚಿನಲ್ಲಿ ಮಣಿ ಪೋಣಿಸಿದ ಟೊಪ್ಪಿ. ಧೂಳು ಬೀಳದಿರಲಿ ಎಂದು ನಾವು ಹೇಳುತ್ತೇವೆ. ನಿಜ ಹೇಳಬೇಕೆಂದರೆ ಯಂತ್ರಗಳು ಹಾಗೆ ಎದ್ದು ಕಾಣುವುದು ನಮಗೆ ನಾಚಿಕೆ. ಹದಿನೈದು ದಿನದಲ್ಲಿ ಈ ಪೆಟ್ಟಿಗೆಗೂ ಕೆನೆಬಣ್ಣದ ನೂಲಿನಲ್ಲಿ, ಅನಾನಸು ಮಾದರಿಯಲ್ಲಿ, ತಲೆಯಿಂದ ಬುಡದವರೆಗೆ ಒಂದು ಮುಸುಕು ಸಿದ್ಧವಾಯಿತು. ಆಟ ಆಡುವಾಗ ತೆಗೆಯಬೇಕು, ಆಡಿ ಮುಗಿದ ಮೇಲೆ ಹಾಕಬೇಕು ಎಂಬುದು ನನ್ನ, ಇವರ ನಡುವಿನ ಒಪ್ಪಂದ. ಶನಿವಾರ ಹಾಸ್ಟೆಲಿನಿಂದ ಬಂದ ಮಗಳು ಅದನ್ನು ನೋಡಿ, "ಅಮ್ಮ, ಅದಕ್ಕೆ ಉಸಿರಾಡ್ಲಿಕ್ಕೆ ಅಂತ ಹಿಂದೆ ಕಿಂಡಿ ಇಟ್ಟಿದ್ದಾರೆ," ಎಂದಳು. ಕ್ರೋಶದಲ್ಲಿ ಕಿಂಡಿಗೇನು ಕಡಿಮೆ, ಎಂದೆ ನಾನು.

ಇವರು ಆಡುತ್ತಿದ್ದ ಆಟವನ್ನೂ ಹೇಳಬೇಕು. ಲೋಕದ ಜನ ಇಂಥದ್ದರಲ್ಲಿ ರಾಕ್ಷಸರನ್ನು ಕೊಲ್ಲುತ್ತಾರಂತೆ, ಚೆಂಡು ಒದೆಯುತ್ತಾರಂತೆ. ಇವರದು ಮಣ್ಣಿನ ಆಟ. ಟಿವಿಯಲ್ಲಿ ಒಂದು ಹಳದಿ ಹಿಟಾಚಿ. ಅದರ ಉದ್ದ ಕೈಯಿಂದ ಗುಡ್ಡ ಕೆರೆದು, ಬಕೆಟ್ಟು ತುಂಬಿಸಿ, ತಿರುಗಿಸಿ ಲಾರಿಗೆ ಹಾಕುವುದು. ಲಾರಿ ತುಂಬಿದರೆ ಇನ್ನೊಂದು ಲಾರಿ. "ಇದನ್ನು ಆಡಿ ಎಂತ ಸಿಗ್ತದೆ?" ಎಂದು ಕೇಳಿದರೆ, "ಎಂತ ಇಲ್ಲ. ಕೈ ಸುಮ್ಮನೆ ಕೂರುವುದಿಲ್ಲ ಮಾರಾಯ್ತಿ," ಎನ್ನುತ್ತಿದ್ದರು.

ಕೈ ಸುಮ್ಮನೆ ಕೂರುವುದಿಲ್ಲ ಎಂಬುದು ನಿಜ. ಊಟ ಮಾಡುವಾಗ ಎಡಗೈ ಮೇಜಿನ ಮೇಲೆ ಏನನ್ನೋ ಹಿಡಿದು ಮೆಲ್ಲನೆ ಮುಂದೆ ದೂಡುತ್ತಿತ್ತು. ಬಂದ ಹೊಸದರಲ್ಲಿ ಎಲ್ಲರೂ "ಆರಾಮ ಮಾಡಿ, ದುಡಿದದ್ದು ಸಾಕು" ಎಂದವರೇ. ಆರು ತಿಂಗಳು ಕಳೆದ ಮೇಲೆ ಅದೇ ಜನ "ಮತ್ತೆ, ಎಂತ ಮಾಡ್ಕೊಂಡಿದ್ದೀರಿ?" ಎನ್ನತೊಡಗಿದರು. ಇವರು ಅದಕ್ಕೆ ನಗುವುದನ್ನು ಕಲಿತರು. ಆ ನಗು ನನಗೆ ನೋಡಲಾಗುತ್ತಿರಲಿಲ್ಲ. ಗೇಟಿನಾಚೆ ಚರಂಡಿ ತೋಡಲು ಹಿಟಾಚಿ ಬಂದ ದಿನ ಇವರು ಬೆಳಗ್ಗಿನಿಂದ ಮಧ್ಯಾಹ್ನದ ತನಕ ಬಿಸಿಲಲ್ಲಿ ನಿಂತು ನೋಡಿದರು. ಊರಿನ ಗಂಡಸರೆಲ್ಲ ನಿಂತು ನೋಡುವುದೇ, ಅದರಲ್ಲಿ ವಿಶೇಷವಿಲ್ಲ. ಆದರೆ ಊಟಕ್ಕೆ ಬಂದವರು ಅನ್ನ ಕಲಸದೆ, "ಆ ಹಿಟಾಚಿಯ ಹುಡುಗ ತುಂಬ ಜರ್ಕ್ ಕೊಡ್ತಾನೆ," ಎಂದಷ್ಟೇ ಹೇಳಿ ಎದ್ದರು. ನಾನು ಆ ತಟ್ಟೆ ತೊಳೆಯುವಾಗ ನಿರ್ಧಾರ ಮಾಡಿದೆ. ನೆಲದ ಮೇಲೆಯೇ, ಏಣಿ ಹತ್ತದೆ ನಡೆಸುವ ಯಂತ್ರ ಅದು. ಗುರುವಾಯನಕೆರೆಯ ಸಂಜೀವಣ್ಣನ ಹತ್ತಿರ ಅಂಥ ನಾಲ್ಕು ಉಂಟು, ಒಂದಕ್ಕೆ ಆಪರೇಟರ್ ಇಲ್ಲ ಎಂದು ಅವರ ಹೆಂಡತಿ ಒಮ್ಮೆ ಬಸ್ಸಿನಲ್ಲಿ ಹೇಳಿದ್ದು ನೆನಪಿತ್ತು. ನಾನೇ ಫೋನ್ ಮಾಡಿದೆ. ಗುರುವಾರ ಐದು ಗಂಟೆಗೆ ಆ ಕಡೆ ಬರುವಾಗ ಮನೆಗೆ ಬಂದು ಮಾತಾಡುತ್ತೇನೆ ಎಂದರು.

ಅತ್ತೆ ಬುಧವಾರವೇ ಕಟ್ಟಪ್ಪಣೆ ಮಾಡಿದರು. "ಆ ಆಟದ ಸಾಮಾನು ಅವರ ಕಣ್ಣಿಗೆ ಬೀಳಬಾರದು. ಬಾಯಿಯಿಂದ್ಲೂ ಬರಬಾರದು, ಗೊತ್ತಾಯ್ತಾ ಜಗ್ಗು? ಮಕ್ಕಳಾಟಿಕೆಯವನಿಗೆ ಅಷ್ಟು ದೊಡ್ಡ ಮೆಶೀನು ಯಾರು ಕೊಡ್ತಾರೆ?" ನನಗೂ ಹಾಗೆಯೇ ಅನ್ನಿಸಿತ್ತು. ಇವರು ಒಪ್ಪಿದರು. ಇವರು ಎಲ್ಲದಕ್ಕೂ ಒಪ್ಪುತ್ತಾರೆ. ಎತ್ತರದಲ್ಲಿ ಒಬ್ಬರೇ ಕೂತು ಕೂತು ವಾದ ಮಾಡುವುದು ಮರೆತುಹೋಗಿದೆ.

ಐದು ಗಂಟೆಗೆ ಬರಬೇಕಾದ ಸಂಜೀವಣ್ಣ ಮೂರೂವರೆಗೇ ಬಂದರು. ಇವರು ಆಗ ಮನಸ್ಸಿನ ಕಳವಳ ಕಳೆಯಲು ಮಣ್ಣು ತುಂಬಿಸುತ್ತಿದ್ದರು. ಅಂಗಳದಲ್ಲಿ ಜೀಪು ನಿಂತ ಸದ್ದಿಗೆ ಕಂಟ್ರೋಲರ್ ಸೋಫಾದ ದಿಂಬಿನ ಅಡಿಗೆ ಹೋಯಿತು, ಟಿವಿ ಆರಿತು, ನಾನು ಓಡಿಬಂದು ಪೆಟ್ಟಿಗೆಗೆ ಮುಸುಕು ಎಳೆದೆ. ಪೆಟ್ಟಿಗೆಯನ್ನೇ ಆರಿಸಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ. ಟಿವಿ ಆರಿದರೆ ಆಟ ಮುಗಿಯಿತು ಎಂಬುದು ನನ್ನ ತಿಳಿವಳಿಕೆ.

ಸಂಜೀವಣ್ಣ ದಪ್ಪ ಸ್ವರದ, ನೇರ ಮಾತಿನ ಮನುಷ್ಯ. ಚಹಾ ಕುಡಿಯುತ್ತ ಮಸ್ಕತ್ತಿನ ಸೆಖೆ, ಮೊಣಕಾಲು ಎಲ್ಲ ಕೇಳಿದರು. ಆಮೇಲೆ ಕಪ್ಪು ಕೆಳಗಿಟ್ಟು, "ಬಂದ ಮೇಲೆ ಯಾವುದಾದ್ರೂ ಮೆಶೀನಿಗೆ ಕೈ ಹಾಕಿದ್ದೀಯಾ ಜಗದೀಶ?" ಎಂದರು.

ಇವರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. "ಇಲ್ಲ, ಅವನು ಈಗ ಎಂತ ಮುಟ್ಟುವುದಿಲ್ಲ. ತುಂಬ ಶಾಂತ," ಎಂದರು ಅತ್ತೆ, ಮದುವೆಗೆ ಗಂಡು ತೋರಿಸಿದ ಹಾಗೆ.

ಸಂಜೀವಣ್ಣ ತಲೆ ಕೆರೆದುಕೊಂಡರು. "ಅದೇ ಕಷ್ಟ ನೋಡು. ನೀನು ಒಳ್ಳೆ ಆಪರೇಟರ್ ಅಂತ ಗೊತ್ತುಂಟು. ಆದ್ರೆ ವರ್ಷ ಬಿಟ್ರೆ ಕೈ ತಣ್ಣಗಾಗ್ತದೆ ಮಾರಾಯ. ನಮ್ಮದು ಬೆಳ್ತಂಗಡಿ ಕಡೆ, ಎಲ್ಲ ಗುಡ್ಡದ ಅಂಚಿನ ಕೆಲಸ. ಒಂದು ಜರ್ಕ್ ಕೊಟ್ರೆ ಮೆಶೀನೂ ಕೆಳಗೆ, ಆಪರೇಟರೂ ಕೆಳಗೆ. ಬೇಸರ ಮಾಡ್ಬೇಡ."

ಇವರು ಆ ಕಲಿತ ನಗು ನಕ್ಕರು. ಅಷ್ಟರಲ್ಲಿ ಶೋಕೇಸಿನಿಂದ ಒಂದು ಸದ್ದು ಶುರುವಾಯಿತು. ಮೊದಲು ದೂರದಲ್ಲಿ ಬಸ್ಸು ಬಂದ ಹಾಗೆ. ಆಮೇಲೆ ಅದೇ ಬಸ್ಸು ಘಾಟಿ ಹತ್ತಿದ ಹಾಗೆ. ಮುಸುಕಿನ ಅನಾನಸಿನ ಎಲೆಗಳೆಲ್ಲ ಗಾಳಿಗೆ ಉಬ್ಬಿ ಉಬ್ಬಿ ಇಳಿಯುತ್ತಿದ್ದವು.

"ಎಂತದು ಅದು?" ಎಂದರು ಸಂಜೀವಣ್ಣ.

"ಫ್ರಿಜ್ಜು," ಎಂದರು ಅತ್ತೆ.

"ಫ್ರಿಜ್ಜು ಅಲ್ಲಿ ಬಾಗಿಲ ಹತ್ತಿರ ಕಾಣ್ತದಲ್ಲ?"

"ಅದು ದೊಡ್ಡದು," ಎಂದರು ಅತ್ತೆ.

ನನಗೆ ಆಗ ಬಂದದ್ದು ಧೈರ್ಯವಲ್ಲ, ಸುಸ್ತು. ಈ ಮನೆಯಲ್ಲಿ ಎಷ್ಟನ್ನು ಮುಚ್ಚಿಕೊಂಡು ಓಡಾಡುವುದು? ಎದ್ದುಹೋಗಿ ಮುಸುಕು ಎಳೆದು ತೆಗೆದೆ. ನೂಲು ಬಿಸಿ ದೋಸೆಯಷ್ಟು ಸುಡುತ್ತಿತ್ತು. "ಸಂಜೀವಣ್ಣ, ಇವರ ಕೈ ತಣ್ಣಗಾಗಲಿಲ್ಲ," ಎಂದೆ. "ದಿವಸಕ್ಕೆ ಮೂರು ಗಂಟೆ ಇದರಲ್ಲಿ ಮಣ್ಣು ತೆಗೀತಾರೆ. ನಾಚಿಕೆಗೆ ನಾವೇ ಹೇಳಲಿಲ್ಲ." ಟಿವಿ ಹಾಕಿದೆ. ತುಂಬಿದ ಬಕೆಟ್ಟನ್ನು ಲಾರಿಯ ಮೇಲೆ ಹಿಡಿದುಕೊಂಡು ಹಳದಿ ಹಿಟಾಚಿ ಹಾಗೇ ನಿಂತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡರು.

"ಹೇ, ಇದು ನಮ್ಮ ಮೆಶೀನಲ್ಲವಾ!" ಎಂದು ಸಂಜೀವಣ್ಣ ಕುರ್ಚಿಯ ತುದಿಗೆ ಬಂದರು. ದಿಂಬಿನ ಅಡಿಯಿಂದ ಕಂಟ್ರೋಲರ್ ಹೊರಬಂತು. ನಾಲ್ಕು ಹಿಟಾಚಿಯ ಧಣಿ ಅದನ್ನು ಕೊಂಬು ಆಚೆ ಮಾಡಿ ತಲೆಕೆಳಗಾಗಿ ಹಿಡಿದರು, ಇವರು ತಿರುಗಿಸಿಕೊಟ್ಟರು. ಅವರ ಹೆಬ್ಬೆರಳಿನ ಅಡಿಯಲ್ಲಿ ಆ ಅಣಬೆ ಕಾಣದಾಯಿತು. ಬಕೆಟ್ಟು ಗಿರ್ರನೆ ತಿರುಗಿ ಲಾರಿಯ ತಲೆಗೆ ಬಡಿಯಿತು. ಇನ್ನೊಂದು ಸಲ ಬಡಿಯಿತು. ಮೂರನೆಯ ಸಲಕ್ಕೆ ಲಾರಿ ಅಡ್ಡ ಬಿತ್ತು. "ಛೆ, ಇದರಲ್ಲಿ ಎಂತ ಗಟ್ಟಿ ಇಲ್ಲ, ಬರೀ ಮಕ್ಕಳ ಸಾಮಾನು!" ಎಂದು ಅವರು ಬೆವರು ಒರೆಸಿಕೊಂಡರು.

ಇವರು ಅವರ ಹಿಂದೆ ನಿಂತು ಮೆಲ್ಲನೆ ಹೇಳಿದರು: "ಹಿಡಿದು ಎಳೀಬೇಡಿ ಸಂಜೀವಣ್ಣ, ಬೆರಳ ತುದಿ ಸಾಕು. ತಿರುಗುವುದು ನಿಂತ ಮೇಲೆಯೇ ಇಳಿಸಿ. ಕೆಳಗೆ ಯಾರಾದ್ರೂ ಇದ್ದಾರೆ ಅಂತ ಎಣಿಸ್ಕೊಳ್ಳಿ."

ಸಂಜೀವಣ್ಣ ತಿರುಗಿ ಇವರನ್ನು ನೋಡಿದರು. "ಅಲ್ಲಿ ಮೇಲೆ ಕೂತು ಕೆಳಗಿನವರಿಗೆ ಹೀಗೇ ಹೇಳ್ತಿದ್ದೆಯಾ?"

"ಇಲ್ಲ. ಅಲ್ಲಿ ಕೆಳಗಿನವರು ಹೇಳುವುದು, ನಾನು ಕೇಳುವುದು. ಅವರ ಕೈ ನೋಡದೆ ಹದಿನೆಂಟು ವರ್ಷ ನಾನು ಒಂದು ಸರಳೂ ಎತ್ತಲಿಲ್ಲ."

ಸಂಜೀವಣ್ಣ ಕಂಟ್ರೋಲರನ್ನು ಮೆಲ್ಲಗೆ ಇವರ ಕೈಗೆ ಕೊಟ್ಟರು. "ನನ್ನ ಹತ್ತಿರ ಇರುವ ಹುಡುಗರು ಯಾರ ಮಾತೂ ಕೇಳುವುದಿಲ್ಲ ಮಾರಾಯ," ಎಂದರು. "ಈ ಏಡಿಯಂಥದ್ದನ್ನು ನೋಡಿ ಕೆಲಸ ಕೊಡ್ತೇನೆ ಅಂತ ಎಣಿಸ್ಬೇಡ, ಆಯ್ತಾ? ಸೋಮವಾರ ಬಾ. ಗುರುವಾಯನಕೆರೆ ಹತ್ತಿರ ಒಂದು ಗುಡ್ಡ ಉಂಟು, ಅಂಚಲ್ಲ, ಬಿದ್ರೂ ಸಾಯುವುದಿಲ್ಲ. ನೋಡುವ."

ಸೋಮವಾರ ನಾನು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಧ್ಯಾಹ್ನ ಇವರ ಫೋನು ಬಂತು. ಮೊದಲ ಒಂದು ಗಂಟೆ ಯಂತ್ರ ಕಟ್ಟು ಬಿಚ್ಚಿದ ಕರುವಿನ ಹಾಗೆ ಹಾರಿತಂತೆ. ಕಾಲಿನ ಪೆಡಲು ಬೇರೆ ಉಂಟಲ್ಲ, ಅದು ಮನೆಯ ಆಟದಲ್ಲಿ ಇಲ್ಲ. ಆಮೇಲೆ ಕೈ ಕೇಳತೊಡಗಿತಂತೆ. "ಸಂಜೀವಣ್ಣ ನಾಳೆಯೂ ಬಾ ಅಂದ್ರು," ಎಂದರು. ಸ್ವರ ಹದಿನೆಂಟು ವರ್ಷ ಫೋನಿನಲ್ಲಿ ಕೇಳಿದ ಅದೇ ಸ್ವರ. ಮನೆಯಲ್ಲಿ ಕೂತ ಒಂದು ವರ್ಷದಲ್ಲಿ ಅದು ನನಗೆ ಒಮ್ಮೆಯೂ ಕೇಳಿಸಿರಲಿಲ್ಲ ಎಂಬುದು ಆಗ ಗೊತ್ತಾಯಿತು.

ಈಗ ಮೂರು ತಿಂಗಳಾಯಿತು. ಇವರು ಬೆಳಗ್ಗೆ ಏಳಕ್ಕೆ ಬುತ್ತಿ ಹಿಡಿದು ಹೋದರೆ ಸಂಜೆ ಕೆಂಪು ಮಣ್ಣಿನ ಅಂಗಿಯಲ್ಲಿ ಬರುತ್ತಾರೆ. ಆ ಅಂಗಿ ಒಗೆಯುವುದು ಹೊಸ ಕೆಲಸ. ಚಹಾದಲ್ಲಿ ಉಳಿದದ್ದು ಬಟ್ಟೆಯಲ್ಲಿ ಹೋಯಿತು. ಬಿಳಿ ಪೆಟ್ಟಿಗೆಯನ್ನು ಇವರು ಕಣ್ಣೆತ್ತಿಯೂ ನೋಡುವುದಿಲ್ಲ. ದಿನವಿಡೀ ನಿಜವಾದ ಮಣ್ಣು ತೆಗೆದವರಿಗೆ ಅದರ ಹಂಗೇನು? ಅತ್ತೆ ಮಾತ್ರ ಬಂದವರಿಗೆಲ್ಲ, "ನಮ್ಮ ಜಗ್ಗು ಇದರಲ್ಲೇ ಪ್ರಾಕ್ಟೀಸು ಮಾಡಿದ್ದು," ಎಂದು ಅದನ್ನು ತೋರಿಸುತ್ತಾರೆ. ಸಾಮಾನು ಅದೇ, ಬಣ್ಣ ಅದೇ, ಕೊಂಬೂ ಅದೇ. ಈಗ ಅದು ಕಲಿಕೆಯ ಉಪಕರಣ.

ನಿನ್ನೆ ಬೆಳಗ್ಗೆ ಹನ್ನೊಂದು ಗಂಟೆಗೆ ಅತ್ತೆ ಮಲಗಿದ್ದರು, ಕುಕ್ಕರು ಒಲೆಯ ಮೇಲಿತ್ತು, ನಾನು ಸೋಫಾದಲ್ಲಿದ್ದೆ. ಧೂಳು ಒರೆಸಲು ಎತ್ತಿಕೊಂಡ ಕಂಟ್ರೋಲರನ್ನು ಒಂದು ದಿನ ಕೆಳಗಿಡಲು ಮರೆತವಳು, ಹೆಚ್ಚುಕಡಿಮೆ ಒಂದು ತಿಂಗಳಿನಿಂದ ಮರೆಯುತ್ತಲೇ ಇದ್ದೇನೆ. ಆ ಮಣ್ಣಿನಲ್ಲಿ ಒಂದು ಸುಖ ಉಂಟು: ಹಾಕಿದಲ್ಲೇ ಇರುತ್ತದೆ. ತೊಳೆದ ಪಾತ್ರೆಯ ಹಾಗೆ ಮರುದಿನ ಬೆಳಗ್ಗೆ ಪುನಃ ಸಿಂಕಿನಲ್ಲಿ ಬಂದು ಕೂರುವುದಿಲ್ಲ. ಬಕೆಟ್ಟು ತುಂಬಿ ಲಾರಿಯ ಕಡೆ ತಿರುಗುತ್ತಿರುವಾಗ ಇವರ ಫೋನು ಬಂತು. ಸಂಜೀವಣ್ಣ ಇನ್ಶೂರೆನ್ಸ್ ಮಾಡಿಸುತ್ತಿದ್ದಾರಂತೆ, ಕೆಲಸ ಕಾಯಂ ಆಯಿತಂತೆ. ನನಗೆ ಕಣ್ಣು ತುಂಬಿ ಬಂತು, ಟಿವಿ ಮಂಜಾಯಿತು.

"ಇಲ್ಲಿ ಹೆಂಡತಿಯ ಉದ್ಯೋಗ ಅಂತ ಒಂದು ಕಾಲಂ ಉಂಟು. ಎಂತ ಬರೆಯುವುದು?" ಎಂದರು.

"ಎಂತದೂ ಇಲ್ಲ ಅಂತ ಬರೀರಿ, ಮನೆಯಲ್ಲಿ ಸುಮ್ಮನೆ ಇದ್ದಾಳೆ ಅಂತ. ಬೇಗ ಫೋನಿಡಿ ಮಾರಾಯ್ರೆ, ಇಲ್ಲಿ ಲಾರಿಯವನು ಕಾಯ್ತಿದ್ದಾನೆ," ಎಂದುಬಿಟ್ಟೆ.

ಹಿಟಾಚಿಯ ಸದ್ದು ಕೇಳುತ್ತಿತ್ತು. ಅವರ ಕಡೆಯದ್ದೋ ನನ್ನ ಕಡೆಯದ್ದೋ ತಿಳಿಯಲಿಲ್ಲ. ಆಮೇಲೆ ಇವರು ತುಂಬ ಮೆಲ್ಲಗೆ, ಪಕ್ಕದವರಿಗೆ ಕೇಳಿಸದ ಹಾಗೆ ಕೇಳಿದರು: "ತಿರುಗುವುದು ನಿಂತಿದೆಯಾ?"

ನಾನು ಕಣ್ಣೊರೆಸಿಕೊಂಡು ನೋಡಿದೆ. ನಿಂತಿರಲಿಲ್ಲ. ಬಕೆಟ್ಟಿನ ಮಣ್ಣಷ್ಟೂ ಲಾರಿಯ ಡ್ರೈವರ್ ಸೀಟಿನ ಮೇಲಿತ್ತು.